ಹಾಡಿದ್ದು, ಉಗುಳಿದ್ದು

ಹಾಡುತ್ತ ಹಾಡುತ್ತ ರಾಗ, ಉಗುಳುತ್ತ ಉಗುಳುತ್ತ ರೋಗ. ಈ ಗಾದೆಯ ಮೊದಲ ಅರ್ಧವನ್ನು ಸಂಗೀತದ ಮೇಷ್ಟ್ರುಗಳು ಎಂದೋ ತಮ್ಮ ಸ್ವತ್ತು ಮಾಡಿಕೊಂಡಿದ್ದಾರೆ. ಸರಳೆ ವರಸೆಯಲ್ಲಿ ಮುಗ್ಗರಿಸಿ ಅಳುಮುಖ ಮಾಡಿಕೊಂಡ ಮಗುವಿಗೆ ಧೈರ್ಯ ಹೇಳಲು ಅದು ಸೊಗಸಾಗಿ ಒದಗುತ್ತದೆ. ಉಳಿದರ್ಧ ಅನಾಥ. ಪ್ರಾಸಕ್ಕೆ ಬಂದದ್ದೆಂದು ಬಿಟ್ಟುಬಿಡುತ್ತಾರೆ, ಹೆಚ್ಚೆಂದರೆ ಎಲೆಯಡಿಕೆ ಹಾಕಿ ಗೋಡೆ ಕೆಂಪು ಮಾಡುವವರ ಮೇಲೆ ಪ್ರಯೋಗಿಸುತ್ತಾರೆ. ನನಗೋ ಇದು ಹಾಡುವವರಿಗಿಂತ ಕೇಳುವವರಿಗೇ ಹೆಚ್ಚು ತಗಲುವ ಮಾತೆನ್ನಿಸುತ್ತದೆ. ಹಾಡು ಕೇಳಲೆಂದು ನಾಲ್ಕು ಜನ ಕೂಡಿದ ಕಡೆ ಕಿವಿ ಹಿಗ್ಗುವುದು ಮತ್ತೆ ಮತ್ತೆ ಕೇಳುವುದರಿಂದ. ಆ ಕೂಟ ಒಡೆಯುವುದು ಮಾತ್ರ ಹಾಡಿನ ಬರದಿಂದಲ್ಲ, ಪಕ್ಕದವನ ಹಾಡಿನ ಮೇಲೆ ಉಗುಳುವ ಚಟದಿಂದ.

ಉಗುಳಿದ್ದರ ದೊಡ್ಡ ಕಥೆ ದೆಹಲಿಯದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ನಿಜವಾದ ಪ್ರೇಮಿ. ಅವರ ಕಾಲದಲ್ಲಿ ಆಕಾಶವಾಣಿ ದೊಡ್ಡ ವಿದ್ವಾಂಸರನ್ನು ಮನೆಮನೆಗೆ ತಲುಪಿಸಿತು, ಅದನ್ನು ಮರೆಯಬಾರದು. ಆದರೆ ಸಿನಿಮಾ ಹಾಡೆಂದರೆ ಅವರಿಗೆ ಆಗದು. ಅದು ಆಕಾಶವಾಣಿಯಿಂದ ಹೆಚ್ಚುಕಡಿಮೆ ಮಾಯವೇ ಆಯಿತು. ಜನ ಏನು ಮಾಡಿದರು? ತೋಡಿ ರಾಗ ಕೇಳುತ್ತ ಕೂತರೇ? ರೇಡಿಯೊದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ರೇಡಿಯೊ ಸಿಲೋನ್ ಸಿನಿಮಾ ಹಾಡುಗಳ 'ಬಿನಾಕಾ ಗೀತಮಾಲಾ' ಶುರುಮಾಡಿತು, ಅದನ್ನು ನಡೆಸಿಕೊಟ್ಟ ಅಮೀನ್ ಸಯಾನಿಯವರ ದನಿ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಹುಟ್ಟಿಸಿ ಸರ್ಕಾರವೇ ಸಿನಿಮಾ ಹಾಡಿಗೆ ಮಣೆ ಹಾಕಬೇಕಾಯಿತು. ಕೇಸ್ಕರರಿಗಿಂತ ಮುಂಚೆ, 1940ರಲ್ಲೇ, ಪಾಪದ ಹಾರ್ಮೋನಿಯಮ್ಮಿಗೂ ಆಕಾಶವಾಣಿಯಲ್ಲಿ ಬಹಿಷ್ಕಾರ ಬಿದ್ದಿತ್ತು. ಅದು ಸಡಿಲಾದದ್ದು 1971ರಲ್ಲಿ. ಅಷ್ಟು ವರ್ಷ ನಮ್ಮ ನಾಟಕ ಕಂಪನಿಗಳು, ಭಜನೆಯವರು ಅದನ್ನು ಬಿಟ್ಟಿದ್ದರೇನು?

ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇಂಥ ಮಡಿ ನಡೆಯುವುದು ಕಷ್ಟ. 1809ರ ಹೊತ್ತಿಗೆ ಬ್ರಿಟಿಷರ ಪಾಳೆಯ ಇಲ್ಲಿ ಬೀಡುಬಿಟ್ಟಿತು. ಪೇಟೆ ಒಂದು, ದಂಡು ಇನ್ನೊಂದು ಎಂದು ಆಡಳಿತವೇ ಬೇರೆಯಿದ್ದು, ಎರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಸೈನ್ಯದ ಹಿಂದೆಯೇ ತಮಿಳು, ತೆಲುಗು, ದಖನಿ, ಇಂಗ್ಲಿಷು ಬಂದವು, ಒಂದೊಂದರ ಜೊತೆಗೂ ಅದರದರ ಹಾಡು. ಹಲಸೂರಿನ ಸೋಮೇಶ್ವರನ ತೇರಿನ ಹೊತ್ತಿಗೆ ಹೂವಿನ ಪಲ್ಲಕ್ಕಿಗಳು ಸಾಲುಗಟ್ಟಿದರೆ ನಾಗಸ್ವರಕ್ಕೂ ತಮಟೆಗೂ ಪೈಪೋಟಿ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಪೂಜೆ, ಹಾಡು. ಆದರೆ ಕಿವಿಗೆ ಬಿದ್ದದ್ದನ್ನೆಲ್ಲ ಕೇಳಿದೆವೆಂದು ಲೆಕ್ಕ ಹಿಡಿಯುವಂತಿಲ್ಲ. ಒಂದೇ ಬೀದಿಯಲ್ಲಿ ನಲವತ್ತು ವರ್ಷ ಇದ್ದೂ ಎದುರುಮನೆಯ ಹಾಡು ಬರೀ ಗಲಾಟೆಯಾಗಿಯೇ ಉಳಿಯಬಹುದು.

ಹಾಗಾದರೆ ಕಿವಿ ದಾಟುವುದು ಹೇಗೆ? ಪರಿಚಿತವಾದದ್ದರ ಕೈ ಹಿಡಿದು. ಹಲಸೂರಿನ ತಮಿಳು ಹುಡುಗರು ಇಳಯರಾಜಾ ಅಂದರೆ ಜೀವ ಬಿಡುತ್ತಿದ್ದ ಕಾಲದಲ್ಲೇ, 1981ರಲ್ಲಿ, ಶಂಕರ್‌ನಾಗ್ ಅವರ 'ಗೀತಾ' ಬಂತು. ಮಣಿರತ್ನಂ ಅವರ ಮೊದಲ ಚಿತ್ರ, 1983ರ 'ಪಲ್ಲವಿ ಅನುಪಲ್ಲವಿ', ಕನ್ನಡದ್ದು. ಎರಡಕ್ಕೂ ಸಂಗೀತ ಇಳಯರಾಜಾ ಅವರದೇ. ನಮ್ಮ ರಾಜಾ ಎಂದು ತಮಿಳಿನವನು, ನಮ್ಮ ಶಂಕರಣ್ಣ ಎಂದು ಕನ್ನಡದವನು ಒಂದೇ ಹಾಡಿಗೆ ತಲೆದೂಗಿದ ಮೇಲೆ ಆಚೆ ಮಗ್ಗುಲಿನ ಇನ್ನೊಂದು ಹಾಡಿಗೆ ಕಿವಿಗೊಡುವುದು ಅಷ್ಟೇನೂ ದೂರದ ದಾರಿಯಲ್ಲ. ಭಾಷೆಯ ಜಗಳ ಬೀದಿಗಿಳಿದ ವರ್ಷಗಳನ್ನು ಕಂಡ ಊರಿದು, ಹಾಡಿನಿಂದ ಅದು ತೀರಿತೆಂದು ನಾನು ಹೇಳಲಾರೆ. ಆದರೂ ಅಭಿಮಾನಿಗಳ ಮಟ್ಟಿಗೆ ಇಂಥ ಹಾಡುಗಳು ಮಾಡಿದಷ್ಟು ಕೆಲಸವನ್ನು ಯಾವ ಸೌಹಾರ್ದ ಸಭೆಯೂ ಮಾಡಿಲ್ಲ.

ಇನ್ನೂ ದೂರ ಹೋದವರಿದ್ದಾರೆ. ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಹಿಡಿದ ಆ ತಂಡ, ಆರ್.ಎ. ರಮಾಮಣಿಯವರ ಗಾಯನದೊಡನೆ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಧ್ವನಿಮುದ್ರಿಸಿತು. ಈ ಮರಿಯಾನೊ ನಾಗಸ್ವರವನ್ನೂ ಕಲಿತು ನುಡಿಸಿದ ಆಸಾಮಿ. ಅತ್ತ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದು ಕೂರಿಸಿದರು. ನಾಗಸ್ವರದ ಮನೆತನದಿಂದ ಬಂದವರು ಬ್ಯಾಂಡಿನ ವಾದ್ಯ ಹಿಡಿದರು, ಬ್ಯಾಂಡಿನ ವಾದ್ಯದವನು ನಾಗಸ್ವರ ಹಿಡಿದ. ಯಾರಿಗೂ ಇದು ಒಂದು ದಿನದಲ್ಲಿ ಒಲಿಯಲಿಲ್ಲ. ಸ್ಯಾಕ್ಸೊಫೋನಿನಲ್ಲಿ ಗಮಕ ಹೊರಡಿಸಲು ಗೋಪಾಲನಾಥರು ಎಷ್ಟು ವರ್ಷ ತಿಣುಕಿದರೆಂದು ಅವರ ಕಾಲದವರು ಬಲ್ಲರು. ಕೇಳುವವರಿಗೂ ಅಷ್ಟೇ. ಜಾಝನ್ನು ಒಂದೇ ಒಂದು ಸಂಜೆ ಕೇಳಿ, ತಲೆಬುಡ ತಿಳಿಯಲಿಲ್ಲ ಎಂದು ಎದ್ದು ಬಂದವರಿಗೆ ಗಾದೆಯ ಮೊದಲರ್ಧ ಇನ್ನೂ ಅನ್ವಯಿಸಿಲ್ಲ.

ಇಂದಿರಾನಗರಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಇಲ್ಲಿ ಪುರಂದರ ಭವನದಲ್ಲಿ ಇಂದಿರಾನಗರ ಸಂಗೀತ ಸಭಾದ ಕಛೇರಿಗಳು ನಡೆಯುತ್ತವೆ. ಇದೇ ಬಡಾವಣೆಯಲ್ಲಿ 2013ರಿಂದ 2019ರವರೆಗೆ ಹಮ್ಮಿಂಗ್ ಟ್ರೀ ಎಂಬ ತಾಣವಿತ್ತು, ದೇಶದ ಹೊಸ ಹೊಸ ಬ್ಯಾಂಡ್‌ಗಳು ಅಲ್ಲಿಗೆ ಬಂದು ನುಡಿಸುತ್ತಿದ್ದವು. ಸಭೆಯವರದನ್ನು ಬ್ಯಾಂಡಿನವರು ಮುದುಕರ ಸಂಗೀತ ಅನ್ನುತ್ತಾರೆ, ಬ್ಯಾಂಡಿನವರದನ್ನು ಸಭೆಯವರು ಕುಡುಕರ ಗದ್ದಲ ಅನ್ನುತ್ತಾರೆ. ಪಬ್ಬುಗಳಲ್ಲಿ ಹಾಡು ನುಡಿಸಲು ಪರವಾನಗಿ ಬೇಕೆನ್ನುವ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ನಗರದ ಎಷ್ಟೋ ಕಡೆ ವೇದಿಕೆಗಳು ಬರಿದಾದವು. ರಾತ್ರಿ ಹತ್ತರ ಮೇಲೆ ನಿದ್ದೆ ಬೇಕೆನ್ನುವ ಮನೆಯವರದು ನ್ಯಾಯವೇ. ಆದರೆ ಆ ವೇದಿಕೆಗಳು ಬರಿದಾದಾಗ ಖುಷಿಪಟ್ಟ ರಸಿಕರಿದ್ದರಲ್ಲ, ಅವರ ಬಗ್ಗೆ ನನ್ನ ತಕರಾರು.

ಉಗುಳಬೇಡಿ ಎಂದರೆ ಎಲ್ಲಕ್ಕೂ ಭೇಷ್ ಅನ್ನಿ ಎಂದರ್ಥವಲ್ಲ. ಶ್ರುತಿ ತಪ್ಪಿದರೆ ತಪ್ಪಿತೆನ್ನಬೇಕು. ಹಾಗನ್ನಲು ಬಿಡದ ಕೂಟಕ್ಕೆ ಚಪ್ಪಾಳೆಯೊಂದೇ ಗತಿ. ಉಗುಳುವವನನ್ನು ಗುರುತಿಸುವುದು ಸುಲಭ: ಅವನು ಹಾಡನ್ನು ಬೈಯುವುದಿಲ್ಲ, ಅದನ್ನು ಇಷ್ಟಪಟ್ಟವನನ್ನು ಬೈಯುತ್ತಾನೆ. ಇದು ಬೇರೆ ಬೇರೆ ಪ್ರಕಾರದವರ ನಡುವೆ ಮಾತ್ರ ಇರುವ ರೋಗವೂ ಅಲ್ಲ. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಕಪ್ಪು ಟೀಶರ್ಟ್ ತೊಟ್ಟು ಒಂದಾಗಿ ಕುಣಿದವರೇ, ಮರುದಿನ ನಿಜವಾದ ಮೆಟಲ್ ಯಾವುದು ಎಂದು ಹೊಡೆದಾಡಲು ಸಿದ್ಧ. ಮೊದಲ ಸಲ ಬಂದ ಹುಡುಗಿಗೆ 'ಅವರ ಮೂರು ಆಲ್ಬಮ್ ಹೇಳು ನೋಡೋಣ' ಎಂದು ಪರೀಕ್ಷೆ ಒಡ್ಡುವವರೂ ಇದ್ದಾರೆ.

ಈ ರೋಗ ತಗಲದಂತೆ ಕೂಟ ನಡೆಸಬೇಕೆನ್ನುವವರು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರರ ಕಛೇರಿ ಪದ್ಧತಿಯನ್ನೊಮ್ಮೆ ನೋಡಬೇಕು. ಮೊದಲು ವರ್ಣ, ಚುರುಕಾದ ಕೃತಿಗಳು, ನಡುವೆ ಪಲ್ಲವಿಯಂಥ ಭಾರವಾದದ್ದು, ತನಿ ಆವರ್ತನ, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನದಂಥ ತುಕ್ಕಡಗಳು. ತುಕ್ಕಡ ಕೇಳಲು ಬಂದವರು ದಾರಿಯಲ್ಲಿ ಪಲ್ಲವಿಯನ್ನೂ ಕೇಳಿರುತ್ತಾರೆ, ಪಲ್ಲವಿಗೆಂದೇ ಬಂದ ಪಂಡಿತರು ಜಾವಳಿಗೂ ಕೂತಿರುತ್ತಾರೆ. ಇದರ ನಡುವೆ ಇಂಥದ್ದನ್ನೇ ಹಾಡಿ ಎಂದು ಸಭಿಕರ ಚೀಟಿ ಬೇರೆ. ಚೀಟಿಗಳಲ್ಲಿ ಬಹುಪಾಲು ಅದೇ ನಾಲ್ಕಾರು ಹಾಡು, ಯಾವ ಸಭೆಯಾದರೂ ಅಷ್ಟೇ. ಜಾಣ ಗಾಯಕರು ಚೀಟಿಯನ್ನು ತೊಡೆಯ ಕೆಳಗಿಟ್ಟುಕೊಂಡು, ಯಾರೂ ಕೇಳದ ಒಂದನ್ನು ಮೊದಲು ಹಾಡಿ, ಆಮೇಲೆ ಕೇಳಿದ್ದನ್ನು ಹಾಡುತ್ತಾರೆ. ಮುಂದಿನ ವರ್ಷ ಆ ಕೇಳದ ಹಾಡಿಗೂ ಒಂದೆರಡು ಚೀಟಿ ಬರುತ್ತವೆ.