ಪಾಠಗಳ ಸಾಗಣೆ

ಕಂಪನಿಯೊಂದು ತರಬೇತಿಯ ಸಾಫ್ಟ್‌ವೇರ್, ಅಂದರೆ ಎಲ್‌ಎಂಎಸ್, ಬದಲಿಸಲು ಹೊರಟಾಗ ಮೇಲಿನವರ ಕಣ್ಣಿಗೆ ಬೀಳುವುದು ಎರಡೇ: ಬಿಡುವ ಎಲ್‌ಎಂಎಸ್, ಹಿಡಿಯುವ ಎಲ್‌ಎಂಎಸ್. ನಡುವಿನ ಕೆಲಸ ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಕೂತ ನಾಲ್ಕಾರು ಜನರ ಪಾಲು. ಅತ್ತಲಿಂದ ಇಳಿಸು, ಇತ್ತ ಏರಿಸು, ತೆರೆದು ನೋಡು, ಎಕ್ಸೆಲ್‌ನಲ್ಲಿ ಹಸಿರು ಬಳಿ. ಮುಂದಿನ ಕೋರ್ಸ್.

ಈ ಗೋಳು ಇರಬಾರದೆಂದೇ ಸ್ಕಾರ್ಮ್ ಹುಟ್ಟಿದ್ದು. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ರೂಪುಗೊಂಡ ಈ ಮಾನದಂಡದ 1.2 ಆವೃತ್ತಿ ಬಂದದ್ದು 2001ರಲ್ಲಿ. ಇಂದಿಗೂ ಎಷ್ಟೋ ಕೋರ್ಸುಗಳು ಅದನ್ನು ದಾಟಿಲ್ಲ. ಪಾಠವನ್ನೆಲ್ಲ ಒಂದು ಜಿಪ್ ಕಡತದಲ್ಲಿ ಕಟ್ಟಿ, ಒಳಗೇನಿದೆಯೆಂದು ಹೇಳುವ ಎಕ್ಸ್‌ಎಂಎಲ್ ಪಟ್ಟಿ ಇಟ್ಟರೆ ಯಾವ ಎಲ್‌ಎಂಎಸ್ ಆದರೂ ಓದಿಕೊಳ್ಳಬೇಕು. ಬಹುಮಟ್ಟಿಗೆ ಓದಿಕೊಳ್ಳುತ್ತದೆ ಕೂಡ. ಆದರೆ ಜಿಪ್‌ನೊಳಗೆ ಇರುವುದು ಪಾಠ, ಕಲಿತವರು ಅಲ್ಲಿಲ್ಲ. ಯಾರು ಎಲ್ಲಿಗೆ ನಿಲ್ಲಿಸಿದರು ಎಂಬ ಗುರುತನ್ನು ಹಳೆಯ ಎಲ್‌ಎಂಎಸ್ ತನ್ನ ಬಳಿ ಇಟ್ಟುಕೊಂಡಿರುತ್ತದೆ. 1.2ರಲ್ಲಿ ಆ ಗುರುತಿಗೆ ಮೀಸಲಾದ ಜಾಗ 4096 ಅಕ್ಷರ. ಸಾಮಾನ್ಯವಾಗಿ ಹೊಸ ಕಡೆಗೆ ದಾಟುವುದು ಹೆಸರು, ಅಂಕ, ಮುಗಿಸಿದ ತಾರೀಕು, ಅಷ್ಟೆ. ಅರ್ಧ ಓದಿದವರು ಮತ್ತೆ ಮೊದಲ ಪುಟಕ್ಕೆ.

ಸಾಗಿಸುವವನ ಪಾಡು ಇನ್ನೂ ವಿಚಿತ್ರ. ಕಲಿಯಬೇಕಾದವರು ‘ಮುಂದೆ’ ಗುಂಡಿ ಒತ್ತುತ್ತ ಓಡಿದ ಕೋರ್ಸನ್ನು ಆದಿಯಿಂದ ಅಂತ್ಯದವರೆಗೆ ನೋಡುವ ಕರ್ಮ ಅವನದು. ಅವನಿಗೆ ಗೊತ್ತು: ಬೆಂಕಿ ಸುರಕ್ಷತೆಯ ಪಾಠ ಮೂರು ಕಡೆ ಇದೆ, ಮೂರರಲ್ಲೂ ಓಡಿಹೋಗಬೇಕಾದ ಬಾಗಿಲು ಬೇರೆ ಬೇರೆ. ಪ್ರಶ್ನೆಗಳಲ್ಲಿ ಸರಿಯುತ್ತರ ಯಾವಾಗಲೂ ಉದ್ದನೆಯದೇ. ಫ್ಲ್ಯಾಶ್‌ನಲ್ಲಿ ಮಾಡಿದ ಪಾಠಗಳದಂತೂ ಕಥೆಯೇ ಮುಗಿದಿದೆ. 2020ರ ಕೊನೆಗೆ ಅಡೋಬಿ ಅದರ ಕೈಬಿಟ್ಟ ಮೇಲೆ ನಡುವಿನ ಚೌಕ ಖಾಲಿ. ಇವನ್ನು ಬಿಟ್ಟುಬಿಡೋಣವೇ ಎಂದರೆ ಹೂಂ ಅನ್ನುವವರಿಲ್ಲ. ಬರೆಸಿದವರು ಕೆಲಸ ಬಿಟ್ಟು ಹೋಗಿದ್ದಾರೆ, ಇರುವವರಿಗೆ ಆಡಿಟ್‌ನ ಭಯ. ‘ಇರಲಿ ಬಿಡಿ, ಇದ್ದದ್ದು ಇದ್ದಹಾಗೇ ಹೋಗಲಿ.’ ಇಡೀ ಓದಿದವನಿಗೆ ತೆಗೆಯುವ ಅಧಿಕಾರವಿಲ್ಲ, ಅಧಿಕಾರವಿದ್ದವರು ಓದಿಲ್ಲ. ಬೇಸರದ ಬೇರು ಇಲ್ಲಿದೆ ಅನ್ನಿಸುತ್ತದೆ, ಕೆಲಸ ಮತ್ತೆ ಮತ್ತೆ ಅದೇ ಎಂಬುದರಲ್ಲಲ್ಲ.

ಕನ್ನಡದ ಪಾಠ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕಾರ್ಖಾನೆಯ ಪಾಠವೊಂದು ಹೊಸ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಹೋಗಿ, ಅರ್ಕಾವತ್ತು ಇರುವಲ್ಲೆಲ್ಲ ಎಡವುತ್ತದೆ. ‘ಕಾರ್ಮಿಕ’ ಹೋಗಿ ‘ಕಾಮರ್ಿಕ’, ‘ಸರ್ಕಾರ’ ಹೋಗಿ ‘ಸಕರ್ಾರ’. ಇದನ್ನು ಕೈಯಿಂದಲೇ ತಿದ್ದಬೇಕು, ತಿದ್ದಬೇಕಾದರೆ ಓದಬೇಕು. ಪ್ರೆಸ್ ಯಂತ್ರದ ವಿದ್ಯುತ್ ಆರಿಸದೆ ಒಳಗೆ ಕೈಹಾಕಬಾರದು ಎಂಬ ಸಾಲಿನ ರಕಾರ ಸರಿಪಡಿಸುವವನಿಗೆ, ಆ ಸಾಲು ಯಾರದೋ ಬೆರಳಿಗಾಗಿ ಬರೆದದ್ದೆಂಬುದು ಹೊಳೆಯದೆ ಇರದು. ಒಪ್ಪಂದದಲ್ಲಿ ತಿದ್ದುಪಡಿಗೆ ಗಂಟೆ ನಮೂದಾಗಿಲ್ಲ. ಹಾಗಾಗಿ ಒಳ್ಳೆಯವರು ಊಟದ ಬಿಡುವಿನಲ್ಲಿ ತಿದ್ದುತ್ತಾರೆ. ಉಳಿದವರು ಹಾಗೇ ಕಳಿಸುತ್ತಾರೆ, ಅವರನ್ನೂ ಪೂರಾ ದೂರುವಂತಿಲ್ಲ.