ಒಂದೇ ಮಂತ್ರಕ್ಕೆ ಸಾವು

ರಾಘು: ಅಕ್ಕ, 'ಪರ್ಸೋನಾ 3' ಆಟದಲ್ಲಿ ಮೂವರು ಜೊತೆಗಾರರು ಗಟ್ಟಿಮುಟ್ಟಾಗಿ ನಿಂತಿರ್ತಾರೆ. ಶತ್ರು ನಮ್ಮ ನಾಯಕನ ಮೇಲೆ 'ಮುಡೋ' ಅನ್ನೋ ಸಾವಿನ ಮಂತ್ರ ಹಾಕಿ ಅದು ತಾಗಿತು ಅಂದ್ರೆ ಆಟ ಅಲ್ಲಿಗೇ ಮುಗೀತು. ಇದು ಅನ್ಯಾಯ ಅಲ್ವಾ?

ಶಾಲಿನಿ: ಯಾವುದು ಅನ್ಯಾಯ? ಸಾವು ಬಂದದ್ದೋ, ಹೇಳದೆ ಬಂದದ್ದೋ?

ರಾಘು: ಹೇಳದೆ ಬಂದದ್ದು. ಒಳಗೆಲ್ಲೋ ಒಂದು ದಾಳ ಉರುಳಿತು, ನಾನು ಸತ್ತೆ. ಗಂಟೆಗಟ್ಟಲೆ ಆಡಿದ ಆಟದಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಶಾಲಿನಿ: ಪೂರ್ತಿ ಹಾಗೆ ಹೇಳೋಕಾಗಲ್ಲ. ಕತ್ತಲೆಯ ಮಂತ್ರ ತಾಗದ ಪರ್ಸೋನಾವನ್ನು ಮೊದಲೇ ಧರಿಸಬಹುದಿತ್ತು. 'ಹೋಮಂಕ್ಯುಲಸ್' ಅನ್ನೋ ವಸ್ತು ಇಟ್ಟುಕೊಂಡಿದ್ದರೆ ನಿನ್ನ ಬದಲು ಅದು ಒಡೆದುಹೋಗ್ತಿತ್ತು. ಆದರೂ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತೆ. ದಾಳದ ಸಾವಿನಿಂದ ಕಲಿಯೋಕೆ ಏನೂ ಇರಲ್ಲ. 'ಫೈನಲ್ ಫ್ಯಾಂಟಸಿ 5' ನೋಡು, 1992ರದ್ದು. ಅದರಲ್ಲಿ 'ಲೆವೆಲ್ 5 ಡೆತ್' ಅಂತ ಒಂದು ಮಂತ್ರವಿದೆ. ಲೆವೆಲ್ಲು ಐದರಿಂದ ಭಾಗವಾದರೆ ಸಾವು. 25ರಲ್ಲಿರೋನು ಬೀಳ್ತಾನೆ, 26ಕ್ಕೆ ಏರಿದವನಿಗೆ ಏನೂ ಆಗಲ್ಲ. ಶತ್ರು ಹಾಕಿದಾಗ ನಮ್ಮವರಿಗೂ ಅದೇ ಲೆಕ್ಕ.

ರಾಘು: ಅದು ಬರೀ ಮಗ್ಗಿ ಅಕ್ಕ. ಲೆಕ್ಕ ಗೊತ್ತಾದವನಿಗೆ ಅದರ ಭಯವೇ ಇರಲ್ಲ. ಭಯ ಹುಟ್ಟಿಸದ ಮೇಲೆ ಅದನ್ನ ಸಾವಿನ ಮಂತ್ರ ಅಂತ ಯಾಕೆ ಕರೀಬೇಕು?

ಶಾಲಿನಿ: ಸರಿಯಾದ ಮಾತು. ಹಾಗಿದ್ರೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 'ಪವರ್ ವರ್ಡ್ ಕಿಲ್' ತಗೋ. ಐದನೇ ಆವೃತ್ತಿಯ 2014ರ ಮೂಲ ನಿಯಮದಲ್ಲಿ, 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಉಳಿದವನು ಸಾಯ್ತಾನೆ. ತಪ್ಪಿಸಿಕೊಳ್ಳೋಕೆ ದಾಳ ಎಸೆಯೋ ಅವಕಾಶವೇ ಇಲ್ಲ. 101 ಇದ್ರೆ ಕೂದಲೂ ಕೊಂಕಲ್ಲ. ಎದುರಿಗೆ ಆ ಮಂತ್ರ ಬಲ್ಲ ಮಾಂತ್ರಿಕ ನಿಂತಿದ್ದಾನೆ, ನೀನು ಏಟು ತಿಂತಾ ಇದ್ದೀಯ. ಪ್ರತಿ ಏಟಿಗೂ ನಿನ್ನಲ್ಲಿ ಎಷ್ಟು ಉಳೀತು ಅಂತ ಎಣಿಸ್ತೀಯ. ಅಲ್ಲಿ ನಿಯಮವೂ ಇದೆ, ಎದೆ ನಡುಗೋದೂ ಇದೆ. ನಾನು ನೋಡಿದ ಇಂಥ ಮಂತ್ರಗಳಲ್ಲಿ ಅದೇ ಶ್ರೇಷ್ಠ.

ರಾಘು: ನಮ್ಮ ಮೇಲೆ ಹಾಕಿದಾಗ ಸರಿ. ನಾವು ಹಾಕಿದಾಗ? ದೊಡ್ಡ ಶತ್ರುವಾದ ಬಾಸ್‌ಗೆ ಯಾವತ್ತಾದ್ರೂ ತಾಗುತ್ತಾ? 1990ರ 'ಡ್ರ್ಯಾಗನ್ ಕ್ವೆಸ್ಟ್ 4'ರಲ್ಲಿ ಕ್ಲಿಫ್ಟ್ ಅನ್ನೋ ಪೂಜಾರಿ ಬಾಸ್ ಮುಂದೆ ನಿಂತು 'ಜರಾಕಿ' ಅನ್ನೋ ಸಾವಿನ ಮಂತ್ರ ಹಾಕ್ತಾನೇ ಇರ್ತಾನೆ. ತಾಗಲ್ಲ. ಕೊನೆಯ ಅಧ್ಯಾಯದಲ್ಲಿ ಜೊತೆಗಾರರಿಗೆ ನೇರವಾಗಿ ಅಪ್ಪಣೆ ಕೊಡೋಕೂ ಬರ್ತಿರಲಿಲ್ಲ. ಸುಮ್ಮನೆ ನೋಡ್ತಾ ಕೂರಬೇಕು.

ಶಾಲಿನಿ: ನಿಜವಾದ ಮೋಸ ಇರೋದು ಅಲ್ಲೇ. ಕತ್ತಿಯ ಒಂದೇಟಿಗೆ ಸಾಯೋರನ್ನ ಮಾತ್ರ ಕೊಲ್ಲೋ ಮಂತ್ರ ಯಾರಿಗೆ ಬೇಕು?

ರಾಘು: ಆದರೆ ಬಾಸ್‌ಗೆ ತಾಗಿದಾಗಲೂ ನನಗೆ ಸಮಾಧಾನ ಆಗಲಿಲ್ಲ. 1994ರ 'ಫೈನಲ್ ಫ್ಯಾಂಟಸಿ 6'ರಲ್ಲಿ ಒಂದು ದೋಷವಿತ್ತು. ಮೊದಲು 'ವ್ಯಾನಿಶ್' ಹಾಕಿ ಶತ್ರುವನ್ನ ಅದೃಶ್ಯ ಮಾಡೋದು, ಆಮೇಲೆ 'ಡೂಮ್' ಹಾಕೋದು. ಸಾವಿನ ಮಂತ್ರ ತಾಗಬಾರದ ಬಾಸ್ ಕೂಡ ಬಿದ್ದುಹೋಗ್ತಿದ್ದ. ಮೊದಲ ಸಲ ಕುಣಿದಾಡಿದೆ. ಆಮೇಲೆ ಯಾವ ಬಾಸ್ ಎದುರೂ ನಿಲ್ಲೋ ಮನಸ್ಸಾಗಲಿಲ್ಲ.

ಶಾಲಿನಿ: ಯಾಕಂದ್ರೆ ನೀನು ಅದಕ್ಕೆ ಏನನ್ನೂ ಕೊಡಲಿಲ್ಲ. ಎರಡು ಸರದಿ, ಒಂದಿಷ್ಟು ಮಾಂತ್ರಿಕ ಶಕ್ತಿ, ಅಷ್ಟೇ. ಕರ್ಣನ ಶಕ್ತ್ಯಾಯುಧ ನೆನಪಿಸಿಕೋ. ಕವಚಕುಂಡಲ ಕೊಟ್ಟು ಇಂದ್ರನಿಂದ ಪಡೆದದ್ದು. ಒಂದೇ ಸಲ, ಒಬ್ಬನ ಮೇಲೆ. ಅರ್ಜುನನಿಗೇ ಅಂತ ಕಾದಿಟ್ಟಿದ್ದ. ಬಾಸ್‌ಗಳಿಗೆ ತಾಗದ ಹಾಗೆ ರಕ್ಷಣೆ ಕೊಡೋ ಬದಲು ಮಂತ್ರವನ್ನೇ ಹಾಗೆ ಮಾಡಿದ್ರೆ? ಇಡೀ ಆಟಕ್ಕೆ ಒಂದು ಸಲ, ಯಾರ ಮೇಲಾದ್ರೂ ಸರಿ.

ರಾಘು: ಜನ ಅದನ್ನ ಬಳಸೋದೇ ಇಲ್ಲ ಅಕ್ಕ. ಮುಂದೆ ಬೇಕಾದೀತು ಅಂತ ಕೊನೇವರೆಗೂ ಗಂಟು ಕಟ್ಟಿ ಇಟ್ಕೋತಾರೆ.

ಶಾಲಿನಿ: ಇಟ್ಕೊಳ್ಳಲಿ ಬಿಡು. ಪ್ರತಿ ಕಷ್ಟದ ಯುದ್ಧದಲ್ಲೂ 'ಈಗಲೋ, ಆಮೇಲೋ' ಅಂತ ಯೋಚಿಸಿಯೇ ಇಟ್ಕೋತಾರಲ್ಲ.

ರಾಘು: ಸರಿ, ಆ ಆಯುಧ ಶತ್ರುವಿನ ಕೈಲಿದ್ರೆ? ನಾಯಕನ ಮೇಲೇ ಹಾಕ್ತಾನೆ. ಮತ್ತೆ ಅದೇ ಕಥೆ.

ಶಾಲಿನಿ: ಅವನಲ್ಲಿದೆ ಅಂತ ನಿನಗೆ ಮೊದಲೇ ಗೊತ್ತಿರುತ್ತೆ. ಆಗ ನೀನು ಘಟೋತ್ಕಚನನ್ನ ಮುಂದೆ ಕಳಿಸಬೇಕಾಗುತ್ತೆ.

ರಾಘು: ಜೊತೆಗಾರನನ್ನ ಸಾಯೋಕೆ ಅಂತಲೇ ಕಳಿಸೋದಾ? ಇಷ್ಟು ದೂರ ಜೊತೆಗೆ ಬಂದವನನ್ನ?

ಶಾಲಿನಿ: ಕಳಿಸದೆಯೂ ಇರಬಹುದು. ಆದರೆ ತೀರ್ಮಾನ ನಿನ್ನದು. ದಾಳದ ಸಾವು ನಿನ್ನನ್ನ ಆ ಮಾತು ಕೇಳೋದೇ ಇಲ್ಲ.

ರಾಘು: ಹಾಗಾದ್ರೆ ಆ ಆಟದಲ್ಲಿ ಸತ್ತವರನ್ನ ಎಬ್ಬಿಸೋ ಮಂತ್ರ ಇರಬಾರದು.

ಶಾಲಿನಿ: ಇರಬಾರದು. ಎಲ್ಲಕ್ಕಿಂತ ಮೊದಲು ಅದನ್ನ ತೆಗೀಬೇಕು.