ಸೋಲಿನಲ್ಲಿ ಅಭಿಮಾನಿಯ ಧರ್ಮ

ಗೆದ್ದವನ ಮನೆಗೆ ನೆಂಟರು ಬಹಳ. ಸೋತವನ ಅಂಗಳದಲ್ಲಿ ನಿಲ್ಲುವವರು ಕೆಲವರೇ. ನಾಲ್ಕು ದಶಕ ವ್ಯಾಪಾರದಲ್ಲಿ ಕಳೆದ ನನಗೆ ಇದು ಹೊಸ ಮಾತಲ್ಲ. ಆದರೆ ಈ ಮಾತು ಒಂದು ನೈತಿಕ ಪ್ರಶ್ನೆಯಾಗಿ ನನ್ನೆದುರು ನಿಂತುದು ಅಂಗಡಿಯ ಗಲ್ಲಾದ ಬಳಿಯಲ್ಲಲ್ಲ, ಮನೆಯ ಚಾವಡಿಯಲ್ಲಿ, ಒಂದು ಫುಟ್‌ಬಾಲ್ ಪಂದ್ಯ ಮುಗಿದ ರಾತ್ರಿ.

ಬೆಂಗಳೂರಿನಲ್ಲಿರುವ ನನ್ನ ಮಗಳ ಮಗ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಸಿ ರಜೆಗೆಂದು ಪಡುಬಿದ್ರಿಗೆ ಬಂದಿದ್ದ. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ. ಒಂದೆಡೆ ಮೋಹನ್ ಬಗಾನ್, ಇನ್ನೊಂದೆಡೆ ಅವನ ಬೆಂಗಳೂರು ಎಫ್‌ಸಿ. ಅವನು ನೀಲಿ ಅಂಗಿ ತೊಟ್ಟು ಟಿ.ವಿ. ಮುಂದೆ ಕುಳಿತಿದ್ದ. ಉತ್ತರಾರ್ಧದ ಆರಂಭದಲ್ಲಿಯೇ ಎದುರಾಳಿ ತಂಡದ ರಕ್ಷಣಾ ಆಟಗಾರನೊಬ್ಬನಿಂದ ಚೆಂಡು ಅವರದೇ ಗೋಲಿನೊಳಕ್ಕೆ ಹೋಯಿತು. ಹುಡುಗ ಕುಣಿದಾಡಿದ. ಆದರೆ ಪೆನಾಲ್ಟಿಯಿಂದ ಮೋಹನ್ ಬಗಾನ್ ಸಮಮಾಡಿತು; ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು ಬಂದು 2-1ರಿಂದ ಬೆಂಗಳೂರು ಸೋತಿತು. ಮೊಮ್ಮಗ ಅಂಗಿಯನ್ನು ಕಳಚಿ ಬಚ್ಚಲುಮನೆಯ ಸೌದೆಯ ರಾಶಿಯ ಮೇಲೆ ಎಸೆದ. “ಇನ್ನು ಈ ತಂಡದ ಆಟ ನೋಡಿದರೆ ಕೇಳಿ ಅಜ್ಜ” ಎಂದ. ಬಳಿಕ ಮೊಬೈಲು ಹಿಡಿದು ಆಟಗಾರನೊಬ್ಬನ ಹೆಸರಿಗೆ ಏನನ್ನೋ ಬರೆಯತೊಡಗಿದ. ಕನ್ನಡಕ ಹಾಕಿಕೊಂಡು ಇಣುಕಿ ನೋಡಿದೆ. ನಮ್ಮ ಮನೆಯಲ್ಲಿ ಯಾರೂ ಆಡದ ಮಾತುಗಳು ಅಲ್ಲಿದ್ದವು.

“ಯಾಕಪ್ಪಾ ಇದು?” ಎಂದು ಕೇಳಿದೆ. “ನಾವು ದುಡ್ಡು ಕೊಟ್ಟು ನೋಡುವವರು ಅಜ್ಜ, ನಮಗೆ ಕೇಳುವ ಹಕ್ಕಿಲ್ಲವಾ?” ಎಂದ. ಈ ಪ್ರಶ್ನೆಗೆ ಆ ರಾತ್ರಿ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಕಳುಹಿಸುವುದನ್ನು ಬೆಳಗಿನವರೆಗೆ ತಡೆಹಿಡಿಯೆಂದು ಮಾತ್ರ ಹೇಳಿದೆ. ಆ ಮೇಲೆ ಚಿಂತಿಸಿದುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಹಣದ ಲೆಕ್ಕವನ್ನೇ ನೋಡೋಣ, ಅದು ನನಗೆ ಬಲ್ಲ ವಿಷಯ. ಗಿರಾಕಿಯು ಹಣ ಕೊಟ್ಟು ಅಕ್ಕಿ ಒಯ್ದಾಗ ಅಕ್ಕಿಯಲ್ಲಿ ಕಲ್ಲಿದ್ದರೆ ಮರಳಿ ತಂದು ಕೇಳುವ ಹಕ್ಕು ಅವನಿಗಿದೆ. ಆದರೆ ಪಂದ್ಯದ ಟಿಕೇಟಿನಲ್ಲಿ ಮಾರಾಟವಾಗುವ ಸರಕು ಯಾವುದು? ಗೆಲುವೇ? ಹಾಗಿದ್ದರೆ ಅದೇ ದಿನ, ಅದೇ ಮೈದಾನದಲ್ಲಿ ಎದುರು ಪಕ್ಷದ ಅಭಿಮಾನಿಗೂ ಅದೇ ಗೆಲುವನ್ನು ಮಾರಲಾಗಿದೆ. ಒಂದೇ ಮೂಟೆಯನ್ನು ಇಬ್ಬರು ಗಿರಾಕಿಗಳಿಗೆ ಮಾರಿದ ವರ್ತಕನನ್ನು ಪೇಟೆಯಲ್ಲಿ ವಂಚಕನೆನ್ನುತ್ತಾರೆ. ಪಂದ್ಯವು ವಂಚನೆಯಲ್ಲವೆಂದಾದರೆ ಅಲ್ಲಿ ಮಾರಾಟವಾಗುವುದು ಗೆಲುವಲ್ಲ, ಆಟ, ಪ್ರಾಮಾಣಿಕವಾದ ಪ್ರಯತ್ನ. ಆಟಗಾರನು ಹಣ ಪಡೆದು ಬೇಕೆಂದೇ ಸೋತರೆ ಅದು ಕಲ್ಲು ಬೆರೆಸಿದ ಅಕ್ಕಿ, ಕೇಳಲೇಬೇಕು. ಶಕ್ತಿಮೀರಿ ಆಡಿ ಸೋತರೆ ಅವನು ನಮಗೆ ಯಾವ ಬಾಕಿಯನ್ನೂ ಉಳಿಸಿಕೊಂಡಿಲ್ಲ. ಬಾಕಿಯಿಲ್ಲದವನನ್ನು ಬಾಕಿದಾರನೆಂದು ನಾಲ್ಕು ಜನರ ಮುಂದೆ ನಿಂದಿಸುವುದು ವ್ಯಾಪಾರಧರ್ಮಕ್ಕೂ ಸಲ್ಲದು, ಶ್ರಾವಕಧರ್ಮಕ್ಕೂ ಸಲ್ಲದು.

ಇಷ್ಟು ಹೇಳುವಾಗ ನನ್ನ ಮನಸ್ಸು ಅಳುಕಿತು. ಏಕೆಂದರೆ ಈ ನಿಂದೆಯ ಅಪರಾಧಿ ಮೊದಲು ನಾನೇ. ಎಂಬತ್ತರ ದಶಕದಲ್ಲಿ ನಮ್ಮೂರ ಹುಡುಗರ ವಾಲಿಬಾಲ್ ತಂಡಕ್ಕೆ ನಾನು ಕೋಶಾಧಿಕಾರಿಯಾಗಿದ್ದೆ. ಚಂದಾ ಎತ್ತಿ ಚೆಂಡು, ಬಲೆ, ಬಸ್ಸಿನ ಖರ್ಚು ಹೊಂದಿಸಿದವನು ನಾನೆಂಬ ಅಹಂಕಾರವಿತ್ತು. ಅಂತಿಮ ಪಂದ್ಯದ ಕಟ್ಟಕಡೆಗೆ ಒಬ್ಬ ಹುಡುಗನ ಸರ್ವೀಸು ಬಲೆಗೆ ತಾಗಿ ನಾವು ಸೋತೆವು. ಎಲ್ಲರೆದುರು ನಾನು ಅವನಿಗೆ “ಊರಿನ ದುಡ್ಡು ತಿಂದೆ” ಎಂದುಬಿಟ್ಟೆ. ಅವನು ಬಡವರ ಮನೆಯವನು. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ; ಕೆಲವು ತಿಂಗಳಲ್ಲಿ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋದ. ಇಪ್ಪತ್ತು ವರ್ಷಗಳ ಬಳಿಕ ಒಂದು ಮದುವೆಯಲ್ಲಿ ಸಿಕ್ಕಾಗ ನಾನಾಗಿಯೇ ಆ ಪ್ರಸಂಗವನ್ನೆತ್ತಿ ಕ್ಷಮೆ ಕೇಳಿದೆ. ಅವನು ನಕ್ಕು, “ಅಣ್ಣಾ, ಆ ಪಂದ್ಯ ಎಲ್ಲಿ ನಡೆದದ್ದು ಅನ್ನುವುದೂ ನನಗೆ ಮರೆತುಹೋಗಿದೆ. ಮಾತು ಮಾತ್ರ ನೆನಪಿದೆ” ಎಂದ. ಪ್ರತಿವರ್ಷ ಕ್ಷಮಾವಣಿಯ ದಿನ ಎಲ್ಲ ಜೀವಿಗಳನ್ನೂ ಒಟ್ಟಾಗಿ ಕ್ಷಮೆ ಕೇಳುವುದು ಸುಲಭ. ಒಬ್ಬನನ್ನು, ಅವನ ಮುಖ ನೋಡಿ ಕೇಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಮಾತು ಮಾತಾಗಿಯೇ ಉಳಿಯುವುದಿಲ್ಲ. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಆಂದ್ರೆಸ್ ಎಸ್ಕೋಬಾರ್ ಎಂಬ ಆಟಗಾರನಿಂದ ಚೆಂಡು ಅಕಸ್ಮಾತ್ತಾಗಿ ತನ್ನದೇ ತಂಡದ ಗೋಲಿಗೆ ಹೋಯಿತು. ಅಮೆರಿಕದೆದುರು ಅವರು 2-1ರಿಂದ ಸೋತರು. ಹತ್ತು ದಿನಗಳ ಬಳಿಕ ಅವನನ್ನು ಸ್ವದೇಶದಲ್ಲಿಯೇ ಗುಂಡಿಟ್ಟು ಕೊಂದರು. ನಮ್ಮ ದೇಶದಲ್ಲಿಯೂ 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್-ಮೋಹನ್ ಬಗಾನ್ ಪಂದ್ಯದ ವೇಳೆ ಅಭಿಮಾನಿಗಳ ಗಲಭೆಯಲ್ಲಿ 16 ಮಂದಿ ಪ್ರಾಣ ಕಳೆದುಕೊಂಡರು. ಆಡಿದವರಲ್ಲ, ನೋಡಲು ಬಂದವರು.

ಇಲ್ಲಿ ನಮ್ಮ ನೆರೆಯ ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ಬಾಹುಬಲಿಯ ನೆನಪಾಗುತ್ತದೆ. ಭರತ-ಬಾಹುಬಲಿಯರ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಯೋಚಿಸಿದುದೇನು? ಇಬ್ಬರ ಹಟಕ್ಕಾಗಿ ಸಾವಿರಾರು ಜನ ಸಾಯಬಾರದು. ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಬಲಾಬಲವನ್ನು ನಿರ್ಣಯಿಸಿಕೊಳ್ಳಲಿ, ಸೈನ್ಯಗಳು ನಿಂತು ನೋಡಲಿ ಎಂದು. ಸ್ಪರ್ಧೆಯೆಂಬುದು ರಕ್ತಪಾತವನ್ನು ತಪ್ಪಿಸುವ ಉಪಾಯವಾಗಿತ್ತು. ಮೂರರಲ್ಲೂ ಸೋತ ಭರತನು ಸಿಟ್ಟಿನಲ್ಲಿ ಚಕ್ರವನ್ನೆಸೆದ. ಸೋಲನ್ನು ತಾಳದ ಮನಸ್ಸು ಚಕ್ರವರ್ತಿಯನ್ನೂ ಬಿಡಲಿಲ್ಲ. ಗಮನಿಸಬೇಕಾದುದೆಂದರೆ, ಅಂದು ನೋಡಲು ನಿಂತವರು ಉಳಿದರು. ನೋಡುವವರೇ ಸಾಯುವಂತಾದರೆ ಸ್ಪರ್ಧೆಯ ಮೂಲ ಉದ್ದೇಶವೇ ತಲೆಕೆಳಗಾಯಿತಲ್ಲವೇ?

ಹಾಗಾದರೆ ಯಾವ ತಂಡದ ಮೇಲೂ ಅಭಿಮಾನವಿಡದಿರುವುದೇ ಲೇಸೆಂದು ಕೆಲವು ಹಿರಿಯರು ಹೇಳಬಹುದು. ಅವರ ಮಾತಿಗೆ ಆಧಾರವೂ ಉಂಟು. ಅನರ್ಥದಂಡದ ಐದು ಬಗೆಗಳಲ್ಲಿ ಅಪಧ್ಯಾನವೂ ಒಂದು. ಅನ್ಯರ ಜಯ-ಪರಾಜಯಗಳನ್ನು ಮನಸ್ಸಿನಲ್ಲಿ ಚಿಂತಿಸುವುದನ್ನು ಪೂಜ್ಯಪಾದಾಚಾರ್ಯರು ವಧ-ಬಂಧನಗಳ ಚಿಂತನೆಯ ಜೊತೆಯಲ್ಲಿಯೇ ಅದರಡಿಯಲ್ಲಿ ಸೇರಿಸಿದ್ದಾರೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಮುನಿಗಳಿಗೆ ಇದರಲ್ಲಿ ಎರಡನೆಯ ಮಾತೇ ಇಲ್ಲ. ಆದರೆ ಗೃಹಸ್ಥನು ರಾಗವನ್ನು ಒಮ್ಮೆಗೇ ಬಿಡಲಾರ. ಅದನ್ನು ದ್ವೇಷವಾಗಲು ಬಿಡದಿರುವುದು ಅವನ ಕೈಯಲ್ಲಿದೆ. ನನ್ನ ತಂಡ ಚೆನ್ನಾಗಿ ಆಡಲಿ ಎಂಬುದು ಒಂದು ಭಾವ; ಎದುರಾಳಿ ಹಾಳಾಗಲಿ ಎಂಬುದು ಇನ್ನೊಂದು. ಇವೆರಡರ ನಡುವಿನ ಗೆರೆ ತೆಳು. ಅದನ್ನು ಕಂಡುಕೊಳ್ಳಲು ಒಂದು ಪರೀಕ್ಷೆಯುಂಟು: ಎದುರು ತಂಡದ ಗೋಲ್‌ಕೀಪರನು ಪೆಟ್ಟಾಗಿ ಬಿದ್ದಾಗ ನಮ್ಮ ಮನಸ್ಸಿನಲ್ಲಿ ಮೊದಲು ಏಳುವುದು ಮರುಕವೋ, ಸಂತೋಷವೋ? ಉತ್ತರವನ್ನು ಬೇರೆಯವರಿಗೆ ಹೇಳಬೇಕಾಗಿಲ್ಲ.

ಇನ್ನು ಅಭಿಮಾನವನ್ನೇ ಬಿಟ್ಟುಬಿಡುವುದು ಯಾವಾಗಲೂ ವೈರಾಗ್ಯವಲ್ಲ. ಅನೇಕ ವೇಳೆ ಅದು ಕೇವಲ ಔದಾಸೀನ್ಯ. ಒಂದು ಉದಾಹರಣೆ ಕೊಡುತ್ತೇನೆ. ರಾಷ್ಟ್ರೀಯ ಫುಟ್‌ಬಾಲ್‌ನ ಸಂತೋಷ್ ಟ್ರೋಫಿಯನ್ನು ಹಿಂದಿನ ಮೈಸೂರು ರಾಜ್ಯವು ನಾಲ್ಕು ಬಾರಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಅನಂತರ 54 ವರ್ಷ ಬರಿಗೈ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಆ ಟ್ರೋಫಿಯನ್ನು ತಂದಿತು. ನಮ್ಮೂರಿನಲ್ಲಿ ಅಂದು ಒಂದು ಪಟಾಕಿಯ ಸದ್ದೂ ನನಗೆ ಕೇಳಲಿಲ್ಲ. 54 ವರ್ಷ ನಾವು ಬೇಸರಪಡಲೇ ಇಲ್ಲ, ಏಕೆಂದರೆ ಕಾಯಲೇ ಇಲ್ಲ. ಸೋಲಿನಿಂದ ಬೇಸರವಾಗುವುದು ಬಾಂಧವ್ಯ ಉಂಟೆಂಬುದರ ಲಕ್ಷಣ. ಆದುದರಿಂದ ಬೇಸರವು ದೋಷವಲ್ಲ. ಬೇಸರವು ಎತ್ತ ಹರಿಯುತ್ತದೆಂಬುದರಲ್ಲಿ ದೋಷವಿದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣ ಎಂಬೆರಡನ್ನು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೇವೆ. ಅವುಗಳ ನಿಜವಾದ ನೆಲೆ ಧರ್ಮಮಾರ್ಗ. ಆಟದ ಮೈದಾನಕ್ಕೆ ಅವನ್ನು ಎಳೆತರುವುದು ಸಲುಗೆಯಾಗಬಹುದು. ಆದರೂ ಅವುಗಳ ಹಿಂದಿರುವ ವಿವೇಕ ಎಲ್ಲೆಡೆಗೂ ಸಲ್ಲುತ್ತದೆ. ಎಡವಿದವನ ದೋಷವನ್ನು ಬೀದಿಯಲ್ಲಿ ಡಂಗುರ ಹೊಡೆಯದಿರುವುದು ಮೊದಲನೆಯದು. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು ಎರಡನೆಯದು. ದೋಷವನ್ನು ಕಾಣದಂತೆ ನಟಿಸಬೇಕೆಂದು ಇದರ ಅರ್ಥವಲ್ಲ. ಹಿಡಿದು ನಿಲ್ಲಿಸಬೇಕಾದರೆ ಅವನು ಎಲ್ಲಿ ಜಾರಿದನೆಂದು ಕಾಣಲೇಬೇಕಷ್ಟೆ.

ಬೆಂಗಳೂರು ತಂಡದ ಸುನಿಲ್ ಛೆಟ್ರಿಯವರು ಇದನ್ನೇ ಬೇರೆ ರೀತಿಯಲ್ಲಿ ಕೇಳಿಕೊಂಡಿದ್ದರು. 2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ಭಾರತ ತಂಡವು ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಮಂದಿ. ಮರುದಿನ ನಾಯಕರಾದ ಅವರು ಜನತೆಗೆ ವಿನಂತಿ ಮಾಡಿಕೊಂಡರು: ಬೈಯುವುದಾದರೆ ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬುದು ಅದರ ಸಾರ. ಜೂನ್ 4ರಂದು ಕೀನ್ಯಾದೆದುರಿನ ಪಂದ್ಯಕ್ಕೆ ಮೈದಾನ ತುಂಬಿತು. ಬೈಗುಳವನ್ನಾದರೂ ಸಹಿಸಿಯೇನು, ಬರಿದಾದ ಆಸನಗಳನ್ನು ಸಹಿಸಲಾರೆ ಎಂಬ ಆ ಅಳಲು ದೇವಸ್ಥಾನದ ಟ್ರಸ್ಟುಗಳನ್ನು ನಡೆಸುವ ನಮಗೂ ಅರ್ಥವಾಗಬೇಕು. ಬಸದಿಯ ಜೀರ್ಣೋದ್ಧಾರ ನಡುವಿನಲ್ಲಿ ನಿಂತಾಗ ಸಭೆಗೆ ಬಾರದೆ ಹೊರಗೆ ನಿಂತು ದೂರುವವರು ಎಷ್ಟಿಲ್ಲ? ಸಭೆಗೆ ಬಂದು ಲೆಕ್ಕಪತ್ರ ಕೇಳುವವನೇ ಸಂಸ್ಥೆಯ ನಿಜವಾದ ಹಿತೈಷಿ.

ಕಾಯುವಿಕೆಗೆ ಫಲವೂ ಉಂಟು. 2018ರ ಮಾರ್ಚ್ 17ರಂದು ಇದೇ ಬೆಂಗಳೂರು ತಂಡವು ಕಂಠೀರವ ಕ್ರೀಡಾಂಗಣದಲ್ಲಿ, ತನ್ನವರ ಕಣ್ಣೆದುರೇ, ಅಂತಿಮ ಪಂದ್ಯವನ್ನು ಚೆನ್ನೈಯಿನ್ ತಂಡಕ್ಕೆ 3-2ರಿಂದ ಬಿಟ್ಟುಕೊಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಗೋವಾ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಆದರೆ ಫಲಕ್ಕಾಗಿಯೇ ಕಾಯುವುದಾದರೆ ಅದು ಮತ್ತೆ ವ್ಯಾಪಾರವೇ. ಗೆಲುವು ಬಂದಾಗಲೂ ಸಂಯಮ ಬೇಕೆಂಬುದಕ್ಕೆ ದುಃಖದ ಸಾಕ್ಷಿಯೊಂದು ನಮ್ಮೆದುರಿಗಿದೆ. 18 ವರ್ಷ ಕಾದ ಕ್ರಿಕೆಟ್ ಅಭಿಮಾನಿಗಳ ಆರ್‌ಸಿಬಿ ತಂಡ 2025ರ ಜೂನ್ 3ರಂದು ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಆ ಸಂಭ್ರಮಕ್ಕೆ ಹೋದವರು ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. ಜನರನ್ನು ಕರೆದವರಿಗೆ ಜನರನ್ನು ಕಾಯುವ ಹೊಣೆಯೂ ಉಂಟು. ಆದರೆ ಹನ್ನೊಂದು ಮನೆಗಳಲ್ಲಿ ಆ ಕಪ್ಪಿನ ಬೆಲೆ ಎಷ್ಟೆಂದು ಯಾವ ಖಾತೆಯಲ್ಲಿ ಬರೆಯೋಣ?

ಆದುದರಿಂದ ಮನೆಯ ಮಕ್ಕಳಿಗೆ ನಾವು ಹೇಳಬಹುದಾದುದು ಇಷ್ಟು. ಸೋತ ರಾತ್ರಿ ಏನನ್ನೂ ಬರೆಯಬೇಡಿ. ಸೂರ್ಯೋದಯದ ನಂತರವೂ ಆ ಮಾತು ಸರಿಯೆನಿಸಿದರೆ ಯೋಚಿಸಿ. ಆಟವನ್ನು ಟೀಕಿಸಿ, ಆಟಗಾರನ ಮನೆ, ಜಾತಿ, ಊರುಗಳನ್ನಲ್ಲ. ನಡೆಸುವವರನ್ನು ಪ್ರಶ್ನಿಸಿ, ಆದರೆ ಎದುರಿಗೆ ನಿಂತು, ನಿಮ್ಮ ಹೆಸರಿನಿಂದ ಪ್ರಶ್ನಿಸಿ. ಎದುರಾಳಿ ಚೆನ್ನಾಗಿ ಆಡಿದರೆ ಒಪ್ಪಿಕೊಳ್ಳಿ. ಮುಂದಿನ ಪಂದ್ಯಕ್ಕೆ ಹೋಗಿ.

ಮರುದಿನ ಬೆಳಿಗ್ಗೆ ಮೊಮ್ಮಗನಿಗೆ ಇದ್ಯಾವುದನ್ನೂ ಹೇಳಲಿಲ್ಲ. ವಾಲಿಬಾಲ್ ಹುಡುಗನ ಕಥೆಯನ್ನಷ್ಟೇ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುದನ್ನು ನನ್ನೆದುರೇ ಅಳಿಸಿದ. ಸೌದೆಯ ಮೇಲಿದ್ದ ಅಂಗಿಯನ್ನು ಅವನ ಅಜ್ಜಿ ಒಗೆದು, ಮಡಚಿ, ಏನೂ ಹೇಳದೆ ಅವನ ಚೀಲದಲ್ಲಿಟ್ಟಳು.

ಆ ಜುಲೈಯಲ್ಲಿ ಲೀಗಿನ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿಯು ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆ ಸಂಜೆ ಹುಡುಗ ನನಗೆ ಫೋನು ಮಾಡಿದ. “ಅಜ್ಜ, ಸೋತರೂ ಪರವಾಗಿಲ್ಲ, ಆಡಿದರೆ ಸಾಕಿತ್ತು” ಎಂದ. ಆ ರಾತ್ರಿ ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನು ಅವನೇ ಕಂಡುಕೊಂಡಿದ್ದ.